ಶೌಚಾಲಯಕ್ಕೂ ಒಂದು ಬಿತ್ತುವಟ್ಟ ಬೇಕು: ಸಿಎಸ್‌ಆರ್ ಸಮಿತಿಗಳಿಗೆ ಬಹಿರಂಗ ಪತ್ರ

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಸಮಿತಿಯ ಸದಸ್ಯರಿಗೆ, ದತ್ತಿ ಟ್ರಸ್ಟುಗಳನ್ನು ನಡೆಸುವವರಿಗೆ, ಕೊಡುಗೆಗಳನ್ನು ಸಹಿ ಹಾಕಿ ಪಡೆಯುವ ಇಲಾಖಾ ಅಧಿಕಾರಿಗಳಿಗೆ,

ಮಾನ್ಯರೇ,

ಮಾರ್ಚ್ 20 ದಾಟಿತೆಂದರೆ ಕಂಪನಿ ಕಚೇರಿಗಳಿಂದ ಸ್ವಯಂಸೇವಾ ಸಂಸ್ಥೆಗಳಿಗೆ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಇಷ್ಟು ಲಕ್ಷ ಉಳಿದಿದೆ, 31ರೊಳಗೆ ಖರ್ಚಾಗಬೇಕು, ಬಳಕೆ ಪ್ರಮಾಣಪತ್ರವೂ ಅದೇ ತಾರೀಖಿನದಿರಲಿ. ಹತ್ತು ದಿನದಲ್ಲಿ ಪ್ರಾಮಾಣಿಕವಾಗಿ ಖರ್ಚು ಮಾಡಿ ಮುಗಿಸಬಹುದಾದದ್ದು ಏನಿದೆ? ಶಾಲಾ ಬ್ಯಾಗು, ಡೆಸ್ಕು, ಟಿವಿ, ಸ್ಟೀಲ್ ಬೀರು. ಬೀಗದ ಕೈ ಕಳೆದುಹೋದ ಬೀರುಗಳಿಗೆ ಸರ್ಕಾರಿ ಶಾಲೆಗಳಲ್ಲಿ ಬರವಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಕಾನೂನು ಈ ಓಟವನ್ನು ಕೇಳುವುದಿಲ್ಲ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಿಎಸ್‌ಆರ್ ಕೆಲಸಗಳಿಗೆ ಖರ್ಚು ಮಾಡಬೇಕು, ನಿಜ. ಆದರೆ 2021ರ ಜನವರಿಯ ತಿದ್ದುಪಡಿಯಾದ ಮೇಲೆ ಚಾಲ್ತಿ ಯೋಜನೆ ಎಂಬ ದಾರಿ ತೆರೆದೇ ಇದೆ. ಒಂದು ಕೆಲಸವನ್ನು ಬಹುವರ್ಷದ್ದು ಎಂದು ಕಂಪನಿಯ ನಿರ್ದೇಶಕ ಮಂಡಳಿ ಒಪ್ಪಿದರೆ, ಶುರುಮಾಡಿದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಅದರ ಬಾಬ್ತು ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿಟ್ಟರೆ ಸಾಕು. ಒಂದು ವರ್ಷ ಹೆಚ್ಚು ಖರ್ಚಾದರೆ ಮುಂದಿನ ಮೂರು ವರ್ಷಗಳ ಲೆಕ್ಕಕ್ಕೆ ಅದನ್ನು ಹೊಂದಿಸಿಕೊಳ್ಳಬಹುದು. ಚಾಲ್ತಿ ಯೋಜನೆಗೆ ಸೇರದ ಬಾಕಿ ಮಾತ್ರ ಆರು ತಿಂಗಳೊಳಗೆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಹೆಸರಿಸಿದ ನಿಧಿಗಳಿಗೆ ಹೋಗಬೇಕು. ಇಷ್ಟು ಸಡಿಲ ಇದ್ದೂ ಮಾರ್ಚಿನ ಗಡಿಬಿಡಿ ತಪ್ಪಿಲ್ಲ. ಹಣ ಕಳಿಸಿದರೆ ಖರ್ಚಾದಂತಲ್ಲ, ಅದು ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರೇ ದೃಢೀಕರಿಸಬೇಕು ಎಂಬ ನಿಯಮ ಇನ್ನೊಂದು ಕಡೆ ಇದೆ. ನಿಯಮ ಒಳ್ಳೆಯದೇ. ಆದರೆ ಮಂಡಳಿ ಫೆಬ್ರುವರಿಯಲ್ಲಿ ಕಣ್ಣುಬಿಟ್ಟರೆ, ಆ ದೃಢೀಕರಣಕ್ಕೆ ಒದಗುವುದು ಅಂಗಡಿಯ ಬಿಲ್ಲು ಮಾತ್ರ. ಕೂಲಿ, ಸಂಬಳ, ಎರಡನೇ ಬೇಸಿಗೆಯ ನೀರು, ಮೂರನೇ ವರ್ಷದ ಬಿಡಿಭಾಗಗಳಿಗೆ ಮಾರ್ಚ್ 31ರ ಬಿಲ್ಲು ಸಿಗುವುದಿಲ್ಲ.

ನಮ್ಮ ನಾಡಿನಲ್ಲಿ ದಾನ ಕೊಡುತ್ತಿದ್ದವರಿಗೆ ಈ ವಿಷಯ ತಿಳಿಯದ್ದಲ್ಲ. ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದು ಗದ್ದೆ ಬಿಟ್ಟದ್ದು ಬಿತ್ತುವಟ್ಟ ಎಂಬ ಹೆಸರಿನಲ್ಲಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟವರಿದ್ದಾರೆ. ಕಟ್ಟಿಸಿದ ಪುಣ್ಯ ಕಲ್ಲಿನ ಮೇಲೆ ಉಳಿಯಬೇಕಾದರೆ ಕೆರೆಯಲ್ಲಿ ನೀರು ನಿಲ್ಲಬೇಕು, ನೀರು ನಿಲ್ಲಬೇಕಾದರೆ ವರ್ಷವರ್ಷವೂ ಯಾರಿಗಾದರೂ ಕೂಲಿ ಸಲ್ಲಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ನಾವು ಕೇಳುತ್ತಿರುವುದೂ ಇಷ್ಟನ್ನೇ: ನೀವು ಕಟ್ಟಿಸುವ, ಕೊಡಿಸುವ ಪ್ರತಿಯೊಂದರ ಜೊತೆ ಅದರ ಬಿತ್ತುವಟ್ಟವೂ ಒಪ್ಪಂದದಲ್ಲಿ ಇರಲಿ.

ಶೌಚಾಲಯದಿಂದಲೇ ಶುರು ಮಾಡೋಣ. ಕೇಂದ್ರ ಸರ್ಕಾರಿ ಸ್ವಾಮ್ಯದ ಉದ್ದಿಮೆಗಳು ಶಾಲೆಗಳಲ್ಲಿ ಕಟ್ಟಿಸಿದ ಶೌಚಾಲಯಗಳನ್ನು, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 15 ರಾಜ್ಯಗಳಲ್ಲಿ ಪರಿಶೀಲಿಸಿತ್ತು. 2020ರಲ್ಲಿ ಸಂಸತ್ತಿನ ಮುಂದೆ ಬಂದ ಆ ವರದಿಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು 2,695 ಶೌಚಾಲಯ. 83 ಕಟ್ಟಿಯೇ ಇರಲಿಲ್ಲ, 200 ಹೇಳಿದ ಶಾಲೆಯಲ್ಲಿ ಕಾಣಲಿಲ್ಲ, 86 ಅರೆಬರೆ. ಈ ಕಳ್ಳಲೆಕ್ಕವೇ ಸುದ್ದಿಯಾಯಿತು. ನಮ್ಮನ್ನು ಕೇಳಿದರೆ ಅದಕ್ಕಿಂತ ದೊಡ್ಡ ಸಂಗತಿ ಮುಂದಿನ ಸಾಲಿನಲ್ಲಿದೆ. ನಿಜವಾಗಿ ಕಟ್ಟಿದ್ದ 2,326ರಲ್ಲಿ 1,679ಕ್ಕೆ ಒಳಗೆ ನಲ್ಲಿ ನೀರೇ ಇರಲಿಲ್ಲ, 691 ಬಳಕೆಯಲ್ಲೇ ಇರಲಿಲ್ಲ. ಅಲ್ಲಿ ಕದ್ದವರು ಯಾರೂ ಇರಬೇಕಾಗಿಲ್ಲ. ಇಂಥ ಕೆಲಸದ ಅಂದಾಜುಪಟ್ಟಿಯಲ್ಲಿ ಸಾಮಾನ್ಯವಾಗಿ ಗೋಡೆ, ಬಾಗಿಲು, ಬೇಸಿನ್, ಟೈಲ್ಸು, ಬಣ್ಣ, ನಾಮಫಲಕ ಇರುತ್ತವೆ, ನೀರು ಮತ್ತು ತೊಳೆಯುವ ಕೈ ಇರುವುದಿಲ್ಲ, ಅಷ್ಟೆ.

120 ಮಕ್ಕಳ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ತೆಗೆದುಕೊಳ್ಳಿ. ಸಾವಿರ ಲೀಟರಿನ ಟ್ಯಾಂಕು ಶಾಲೆಯ ಒಂದು ದಿನಕ್ಕೆ ಸಾಲುತ್ತದೆ, ಆದರೆ ಅದು ದಿನಾ ತುಂಬಬೇಕು. ಊರಿನ ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವವಾದರೆ, ಶಾಲೆ ತೆರೆಯುವ ಹೊತ್ತಿಗೆ ಅದು ನಿಂತಿರುತ್ತದೆ. ವಾಲ್ವು ತಿರುಗಿಸುವವರು ಅಲ್ಲಿರುವುದಿಲ್ಲ. ಇದಕ್ಕೆ ಮದ್ದು ತುಂಬಾ ಸಣ್ಣದು: ನೆಲದಲ್ಲಿ ಒಂದು ಸಂಪು, ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವು, ಅರ್ಧ ಎಚ್‌ಪಿಯ ಮೋಟಾರು. ಇಷ್ಟನ್ನು ಸೇರಿಸಿದರೆ ಖರ್ಚು ಏರುತ್ತದೆಂದು ಅಂದಾಜಿನಿಂದ ಮೊದಲು ಕಿತ್ತುಹಾಕುವುದೂ ಇದನ್ನೇ. ಚಾವಣಿಯ ಟ್ಯಾಂಕಿನ ತಳ ನಲ್ಲಿಗಿಂತ ಆರೇಳು ಅಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ನೀರು ನೂಲಿನೆಳೆಯಷ್ಟು ಬಂದು ನಿಲ್ಲುತ್ತದೆ. ಟ್ಯಾಂಕಿಗೆ ಮುಚ್ಚಳ ಕಟ್ಟಿಹಾಕಬೇಕು. ಪ್ಲಾಸ್ಟಿಕ್ ನಲ್ಲಿ ಒಂದು ವರ್ಷ ಬಾಳಿದರೆ ಅದೃಷ್ಟ, ಹಿತ್ತಾಳೆಯದು ಕಳವಾಗುತ್ತದೆ, ತಳ್ಳಿದರೆ ಮಾತ್ರ ನೀರು ಬಿಡುವ ಪುಶ್ ನಲ್ಲಿ ಮಕ್ಕಳ ಕೈಗೂ ನೀರಿನ ಉಳಿತಾಯಕ್ಕೂ ಸರಿ. ಬಾಗಿಲಿನ ಒಳಚಿಲಕ ಮುರಿದ ದಿನದಿಂದ ಏಳನೇ ತರಗತಿಯ ಹೆಣ್ಣುಮಕ್ಕಳು ಆ ಕಡೆ ಹೋಗುವುದಿಲ್ಲ. ಐವತ್ತು-ನೂರು ರೂಪಾಯಿಯ ಚಿಲಕ ಹಾಕಿಸಲು ಯಾವ ಬಾಬ್ತಿನಿಂದ ತೆಗೆಯಬೇಕು ಎಂದು ಮುಖ್ಯಶಿಕ್ಷಕರು ತಿಂಗಳು ಯೋಚಿಸುತ್ತಾರೆ.

ಗುಂಡಿಯ ವಿಷಯ ಇನ್ನೂ ಸೂಕ್ಷ್ಮ. ಜಾಲಿಯಂತೆ ಇಟ್ಟಿಗೆ ಜೋಡಿಸಿದ ಎರಡು ಗುಂಡಿ, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವ ಚೇಂಬರು, ಇದು ಕೆಂಪು ಮಣ್ಣಿನ ಕಡೆ ಚೆನ್ನಾಗಿ ನಡೆಯುತ್ತದೆ. ಅದೇ ನಕ್ಷೆಯನ್ನು ಗದಗ, ವಿಜಯಪುರ, ರಾಯಚೂರಿನ ಎರೆಭೂಮಿಗೆ ಒಯ್ದರೆ ಎರೆ ನೀರು ಹೀರುವುದಿಲ್ಲ, ಮಳೆಗಾಲದಲ್ಲಿ ಗುಂಡಿ ವಾಪಸ್ ಉಕ್ಕುತ್ತದೆ, ಬೇಸಿಗೆಯಲ್ಲಿ ಮಣ್ಣು ಬಿರಿದು ಗೋಡೆಯನ್ನೂ ಸೀಳುತ್ತದೆ. ಅಲ್ಲಿ ಗುಂಡಿಯ ಸುತ್ತ ಮರಳು-ಜಲ್ಲಿಯ ಪದರ ಕೊಡಬೇಕು ಇಲ್ಲವೇ ಸೆಪ್ಟಿಕ್ ಟ್ಯಾಂಕಿಗೆ ಹೋಗಬೇಕು. ಬೆಂಗಳೂರಿನಲ್ಲಿ ತಯಾರಾದ ಒಂದೇ ನಕ್ಷೆಗೆ 50 ಶಾಲೆಗಳನ್ನು ಹೊಂದಿಸಿದಾಗ ಈ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ. ಎರಡು ಗುಂಡಿಗೂ ಒಟ್ಟಿಗೇ ಹರಿಯಲು ಬಿಟ್ಟಿರುವುದನ್ನು ಎಷ್ಟೋ ಕಡೆ ನೋಡಬಹುದು. ಹಾಗೆ ಮಾಡಿದರೆ ಎರಡೂ ಒಟ್ಟಿಗೇ ತುಂಬುತ್ತವೆ, ಗೊಬ್ಬರವಾಗಲು ಯಾವುದಕ್ಕೂ ಬಿಡುವು ಸಿಗುವುದಿಲ್ಲ. ಚೇಂಬರಿನಲ್ಲಿ ಒಂದು ಕಡೆ ಇಟ್ಟಿಗೆ ಇಟ್ಟು ಗಾರೆ ಮೆತ್ತುವುದು ಐದು ನಿಮಿಷದ ಕೆಲಸ, ಅದನ್ನು ಹೇಳಿಕೊಟ್ಟವರು ಇರಲಿಲ್ಲ.

ಇನ್ನು ತೊಳೆಯುವುದು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇದಕ್ಕೆಂದು ಹುದ್ದೆಯೇ ಸಾಮಾನ್ಯವಾಗಿ ಇರುವುದಿಲ್ಲ. ಹುದ್ದೆ ಇಲ್ಲದ ಕೆಲಸ ಕೊನೆಗೆ ಮಕ್ಕಳ ಕೈಗೆ ಬರುತ್ತದೆ, ಅದೂ ಯಾವ ಮಕ್ಕಳ ಕೈಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ವಿಡಿಯೊ ಹರಿದಾಡುತ್ತದೆ, ಶಿಕ್ಷಕರು ಅಮಾನತಾಗುತ್ತಾರೆ, ಬೀಗ ಬೀಳುತ್ತದೆ. ನೀವು ಶೌಚಾಲಯ ಕೊಡುವುದಾದರೆ ಮೂರು ವರ್ಷದ ಅರೆಕಾಲಿಕ ಸ್ವಚ್ಛತಾ ಸಿಬ್ಬಂದಿಯ ಕೂಲಿ, ಉದ್ದ ಹಿಡಿಯ ಬ್ರಷ್ಷು, ಕೈಗವಸು, ಫಿನಾಯಿಲು, ಸೋಪು, ವರ್ಷಕ್ಕೆ ಒಂದಿಷ್ಟು ರಿಪೇರಿ ಹಣ, ಇವೆಲ್ಲ ಅದೇ ಅಂದಾಜಿನಲ್ಲಿರಲಿ. ಅಗ್ಗಕ್ಕೆ ಸಿಗುವ ಆಸಿಡ್ ಬೇಡ, ಬೇಸಿನ್ನಿನ ಹೊಳಪು ಹೋದಮೇಲೆ ಕಲೆ ಮತ್ತಷ್ಟು ಹಿಡಿಯುತ್ತದೆ, ಗುಂಡಿಯಲ್ಲಿ ಮಲ ಕೊಳೆಸುವ ಜೀವಾಣುಗಳೂ ಸಾಯುತ್ತವೆ. ಹತ್ತು ಶೌಚಾಲಯದ ಹಣದಲ್ಲಿ ಆರೇ ಕಟ್ಟಿ ಉಳಿದದ್ದನ್ನು ಹೀಗೆ ಇಟ್ಟರೆ ವರದಿಯಲ್ಲಿ ಅಂಕಿ ಚಿಕ್ಕದಾಗುತ್ತದೆ. ಆ ಚಿಕ್ಕ ಅಂಕಿಯನ್ನು ಮಂಡಳಿಯ ಮುಂದೆ ಸಮರ್ಥಿಸುವ ಕೆಲಸ ನಿಮ್ಮದು, ಅದನ್ನು ನಾವು ಮಾಡಲಾಗದು.

ಶುದ್ಧ ಕುಡಿಯುವ ನೀರಿನ ಘಟಕಗಳ ಕಥೆಯೂ ಇದೇ ಜಾತಿಯದು, ಆದರೆ ಇಲ್ಲಿ ಯಂತ್ರ ಕೆಡುವ ಮೊದಲು ಒಂದು ಪ್ರಶ್ನೆ ಇದೆ: ಆ ಊರಿಗೆ ಆರ್‌ಒ (ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಸೋಸುವ ಯಂತ್ರ) ಬೇಕಿತ್ತೇ? ಪಾವಗಡದಂಥ ಕಡೆ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದಲ್ಲಿ, ಬೇಕು. ಫ್ಲೋರೈಡ್, ನೈಟ್ರೇಟ್, ನೀರಿನಲ್ಲಿ ಕರಗಿದ ಒಟ್ಟು ಲವಣ (ಟಿಡಿಎಸ್) ಎಲ್ಲವೂ ಮಿತಿಯೊಳಗಿದ್ದು ತೊಂದರೆ ಬರೀ ಕಲುಷಿತ ಪೈಪಿನದಾದರೆ, ಪೈಪು ಸರಿಮಾಡಿ ಕ್ಲೋರಿನ್ ಹಾಕಿದರೆ ಸಾಕು. ಆರ್‌ಒ ಎಳೆದ ನೀರಿನಲ್ಲಿ ಅರ್ಧದಷ್ಟನ್ನು, ಕೆಲವೊಮ್ಮೆ ಹೆಚ್ಚನ್ನು, ಚರಂಡಿಗೆ ಬಿಡುತ್ತದೆ. ಬೋರು ಮೊದಲೇ ಕೈಕೊಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬೇಸಿಗೆಯಲ್ಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ನೀರಿನ ಪರೀಕ್ಷೆ ಮಾಡಿಸಿ, ವರದಿ ನೋಡಿದ ಮೇಲೇ ಯಂತ್ರದ ಮಾತೆತ್ತಿ.

ಘಟಕ ಕೂರಿಸಿದ್ದಾಯಿತು ಎನ್ನಿ. ಮರಳಿನ ಫಿಲ್ಟರನ್ನು ದಿನಾ ಹದಿನೈದು ನಿಮಿಷ ಹಿಮ್ಮುಖವಾಗಿ ತೊಳೆಯಬೇಕು. ಗಡಸು ನೀರು ಮೆಂಬ್ರೇನಿನ, ಅಂದರೆ ಆ ಸೋಸುವ ಪೊರೆಯ, ಮೇಲೆ ಸುಣ್ಣ ಕಟ್ಟದಂತೆ ಹನಿಹನಿಯಾಗಿ ಬೀಳುವ ಆ್ಯಂಟಿಸ್ಕೇಲೆಂಟ್ ಕ್ಯಾನು ಖಾಲಿಯಾಗಬಾರದು. ಸಣ್ಣ ಕಾರ್ಟ್ರಿಡ್ಜು ಕಂದಾದಾಗ ಬದಲಾಗಬೇಕು. ಮೂರರಲ್ಲಿ ಸಾಮಾನ್ಯವಾಗಿ ತಪ್ಪುವುದು ಎರಡನೆಯದು, ಅದು ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಖಾಲಿಯಾದ ಕೆಲವೇ ವಾರಗಳಲ್ಲಿ ನೀರು ಬರುವುದು ಕಡಿಮೆಯಾಗುತ್ತದೆ, ಸಾಲು ಉದ್ದವಾಗುತ್ತದೆ, ಜನ ಕೂಗುತ್ತಾರೆ. ನೋಡಿಕೊಳ್ಳುವ ಹುಡುಗ ಹೊರಬಿಡುವ ನೀರಿನ ವಾಲ್ವನ್ನು ಬಿಗಿ ಮಾಡುತ್ತಾನೆ. ಆ ವಾರ ನೀರು ಜೋರಾಗಿ ಬರುತ್ತದೆ. ಮುಂದಿನ ತಿಂಗಳು ಮೆಂಬ್ರೇನು ಹೋಗಿರುತ್ತದೆ. ಸರಿಯಾಗಿ ನೋಡಿಕೊಂಡರೆ ಎರಡು-ಮೂರು ವರ್ಷ ಬರಬೇಕಾದ ವಸ್ತು ಅದು. ಈಗ ನಾಣ್ಯದ ಲೆಕ್ಕ. 20 ಲೀಟರಿಗೆ 5 ರೂಪಾಯಿಯಂತೆ ದಿನಕ್ಕೆ ನೂರು ಕ್ಯಾನು ಹೋದರೆ 500, ತಿಂಗಳಿಗೆ 15,000. ಇದರಲ್ಲಿ ಆ ಹುಡುಗನ ಸಂಬಳ, ಕರೆಂಟು, ರಾಸಾಯನಿಕ ಕಳೆದು ಮೆಂಬ್ರೇನಿಗೆಂದು ಪ್ರತಿ ತಿಂಗಳು ಎತ್ತಿಡಬೇಕು. ಐವತ್ತೇ ಕ್ಯಾನು ಹೋಗುವ ಸಣ್ಣ ಊರಿನಲ್ಲಿ ಈ ಲೆಕ್ಕ ಕೂಡುವುದೇ ಇಲ್ಲ. ಅಲ್ಲಿ ಘಟಕ ನಿಲ್ಲುವುದು ಉದ್ಘಾಟನೆಯ ದಿನವೇ ನಿಶ್ಚಯವಾಗಿರುತ್ತದೆ. ಅಂಥಲ್ಲಿ ಕೊರತೆಯನ್ನು ಯಾರು ತುಂಬುತ್ತಾರೆ ಎಂದು ಪಂಚಾಯಿತಿ ಠರಾವಿನಲ್ಲಿ ಬರೆಸಿಕೊಳ್ಳದೆ ಯಂತ್ರ ಇಳಿಸಬೇಡಿ.

ಆಸ್ಪತ್ರೆಗೆ ಕೊಡುವಾಗ ತಪ್ಪಿನ ಬೆಲೆ ಬೇರೆ. ತಾಲ್ಲೂಕು ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಕೊಡುತ್ತೀರಿ. ಅದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅನುಮತಿ ಬೇಕು, ತಕ್ಕ ದಪ್ಪದ ಗೋಡೆ ಮತ್ತು ಸೀಸದ ಹಾಳೆಯ ಬಾಗಿಲು ಬೇಕು, ಸಿಬ್ಬಂದಿ ಎದೆಗೆ ಹಾಕಿಕೊಳ್ಳುವ, ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜು ಬೇಕು, ಎಲ್ಲಕ್ಕಿಂತ ಮೊದಲು ರೇಡಿಯೋಗ್ರಾಫರ್ ಬೇಕು. ಆ ಹುದ್ದೆ ಖಾಲಿ ಇದ್ದರೆ ಪೆಟ್ಟಿಗೆ ಒಡೆಯದೇ ವಾರಂಟಿ ಮುಗಿಯುತ್ತದೆ. ಎಕ್ಸ್‌ರೇ ನಿಂತರೆ ರೋಗಿ ಜಿಲ್ಲಾಸ್ಪತ್ರೆಗೆ ಹೋಗಿಬರುತ್ತಾನೆ. ಡಯಾಲಿಸಿಸ್ ಹಾಗಲ್ಲ. ಒಂದು ಸಲ ಹತ್ತಿರದಲ್ಲಿ ಶುರುವಾದರೆ ಜನ ದೂರದ ಕೇಂದ್ರದಲ್ಲಿನ ಪಾಳಿಯನ್ನು ಬಿಟ್ಟು ಇಲ್ಲಿಗೆ ಬರುತ್ತಾರೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರು ಅತಿಶುದ್ಧ ನೀರು ಒಬ್ಬ ರೋಗಿಯ ಒಂದು ಸರದಿಗೆ ಬೇಕು. ಐದು ಯಂತ್ರ, ದಿನಕ್ಕೆ ಎರಡು ಪಾಳಿ ಎಂದರೆ 1,200 ಲೀಟರು, ಅದಕ್ಕಾಗಿ ಎಳೆಯುವ ನೀರು ಅದಕ್ಕಿಂತ ಎಷ್ಟೋ ಹೆಚ್ಚು. ಆ ನೀರಿನಲ್ಲಿ ಉಳಿದ ಕ್ಲೋರಿನ್ನು ನೇರ ರಕ್ತಕಣಗಳನ್ನು ಒಡೆಯುತ್ತದೆ, ಹಾಗಾಗಿ ಕಾರ್ಬನ್ ಫಿಲ್ಟರು ಬದಲಿಸುವುದು, ದಿನಾ ಪರೀಕ್ಷೆ ಮಾಡುವುದು ಐಚ್ಛಿಕವಲ್ಲ. ಡಯಾಲೈಸರು, ಟ್ಯೂಬಿಂಗು, ಹೆಪಾರಿನ್, ತಂತ್ರಜ್ಞರ ಸಂಬಳ ತಿಂಗಳು ತಿಂಗಳೂ ಬೇಕು, ವಾರಂಟಿ ಕಳೆದ ಮೇಲೆ ಬಿಡಿಭಾಗವೂ ಸೇರಿದ ನಿರ್ವಹಣಾ ಕರಾರು ಬೇಕು. ಒಂದು ವರ್ಷದ ಹಣದಲ್ಲಿ ಇದನ್ನು ಶುರುಮಾಡಿ ಎರಡನೇ ವರ್ಷ ಕಂಪನಿಯ ಆದ್ಯತೆ ಬದಲಾಯಿತೆಂದು ಹಿಂದೆ ಸರಿಯುವುದನ್ನು ದಾನ ಎಂದು ಕರೆಯಲು ನಮಗೆ ಮನಸ್ಸು ಬಾರದು. ಐದು ವರ್ಷದ ಮಾತು ಕೊಡಲಾಗದಿದ್ದರೆ ಆ ಹಣದಲ್ಲಿ ಈಗಿರುವ ಕೇಂದ್ರಕ್ಕೆ ಹೋಗಿಬರುವ ರೋಗಿಗಳ ಬಸ್ಸು-ಆಟೊ ಖರ್ಚು ಕೊಡಿ. ಫೋಟೊ ಬರುವುದಿಲ್ಲ, ಪಾಳಿ ತಪ್ಪುವುದಿಲ್ಲ.

ಸ್ಮಾರ್ಟ್ ಕ್ಲಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರ ಹೆಸರು ಗೋಡೆಯ ಮೇಲೆ ಬರೆದಿರದ ಶಾಲೆಗೆ ಟಿವಿ ಕೊಡಬೇಡಿ, ಅಷ್ಟೆ.

ದಿನನಿತ್ಯದ ಖರ್ಚಿಗೆ ಹಣ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಸರ್ಕಾರ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಒಪ್ಪಿಕೊಂಡು ಉಳಿದ ನಾಲ್ಕು ದಿನವನ್ನೂ ತುಂಬಿತು. ಮೊಟ್ಟೆಯ ಮೇಲೆ ನಾಮಫಲಕ ಹಾಕಲು ಬರುವುದಿಲ್ಲ, ಸುಲಿದ ಮೇಲೆ ಚಿಪ್ಪು ತಿಪ್ಪೆಗೆ. ಆದರೂ ಅಷ್ಟು ದೊಡ್ಡ ಹಣ ಅಲ್ಲಿಗೆ ಹೋಯಿತು. ಇದರಲ್ಲೂ ಕಲಿಯಬೇಕಾದ್ದು ಇದೆ: ಒಂದು ಮೊಟ್ಟೆಗೆ 6 ರೂಪಾಯಿ ಎಂಬ ದರದೊಳಗೇ ಗ್ಯಾಸು, ಸುಲಿಯುವ ಕೂಲಿ ಎಲ್ಲವನ್ನೂ ಸೇರಿಸಿದ್ದರಿಂದ ಪೇಟೆ ದರ ಏರಿದ ತಿಂಗಳುಗಳಲ್ಲಿ ಹೊರೆ ಮುಖ್ಯಶಿಕ್ಷಕರ ಮೇಲೆ ಬಿತ್ತು. ದಿನಬಳಕೆಯ ವಸ್ತುವಿಗೆ ಹಣ ಕೊಡುವ ಒಪ್ಪಂದದಲ್ಲಿ ದರ ಏರಿಳಿತದ ಕಲಮು ಮೊದಲೇ ಇರಬೇಕು.

ಪರಿಸರದ ಹಣಕ್ಕೆ ಬರುತ್ತೇವೆ. ಇಲ್ಲಿ ಹಣ ಸಾಲದೆ ಕೆಡುವುದಕ್ಕಿಂತ ಹಣ ಹೆಚ್ಚಾಗಿ ಕೆಡುವುದೇ ಜಾಸ್ತಿ. ಕೆರೆ ಅಭಿವೃದ್ಧಿ ಎಂದರೆ ಬೆಂಗಳೂರು ಕಡೆ ಒಂದು ಅಚ್ಚು ತಯಾರಾಗಿಬಿಟ್ಟಿದೆ. ಜೆಸಿಬಿ ಇಳಿಸಿ ಇಡೀ ಅಂಗಳವನ್ನು ಒಂದೇ ಆಳಕ್ಕೆ ತೋಡು, ತೆಗೆದ ಮಣ್ಣನ್ನು ಸುತ್ತ ಪೇರಿಸಿ ಏರಿ ಮಾಡು, ಅದರ ಮೇಲೆ ಪೇವರ್ ಹಾಸಿ ವಾಕಿಂಗ್ ಪಥ, ರೇಲಿಂಗು, ದೀಪ, ಮಂಟಪ. ಹೀಗೆ ಸೂಪಿನ ಬಟ್ಟಲಾದ ಮೇಲೆ ಅದು ಕೆರೆಯಾಗಿ ಉಳಿಯುವುದಿಲ್ಲ. ನಮ್ಮ ಕೆರೆಗೆ ಏರಿ ಇರುವುದು ಒಂದೇ ಕಡೆ. ನೀರು ಬರುವ ಎದುರು ಕಡೆ ಇಳಿಜಾರು, ಅಲ್ಲಿ ಮೊಣಕಾಲುದ್ದ ನೀರು, ಜೊಂಡು, ಆಪು, ಕೊಕ್ಕರೆಗಳು. ಕೊಳೆ ನೀರು ಮೊದಲು ಸೋಸಿಹೋಗುವುದೂ ಅಲ್ಲೇ. ಸುತ್ತಲೂ ಏರಿ ಹಾಕಿದರೆ ಹರಿದು ಬರುವ ನೀರಿಗೇ ಅಡ್ಡಗಟ್ಟಿದಂತೆ. ಹೂಳು ಮುಗಿದ ಮೇಲೂ ತೋಡುತ್ತ ಹೋದರೆ ನೀರು ಹಿಡಿದಿಡುವ ಜೇಡಿ ಪದರ ತೂತಾಗಿ ಕೆರೆ ಇಂಗುತ್ತದೆ. ಏರಿಯ ಬುಡದಲ್ಲಿ ತೋಡಿದರೆ ಏರಿಯೇ ಕುಸಿಯಬಹುದು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಬಿಟ್ಟ ನೀರು ಮೊದಲು ಜೌಗಿನಲ್ಲಿ ಹಾದು ಆಮೇಲೆ ಕೆರೆಗೆ ಇಳಿಯುತ್ತದೆ. ಆ ಜೌಗು ನೋಡಲು ಕಾಡು ಬೆಳೆದ ಹಾಗಿರುತ್ತದೆ. ಉದ್ಘಾಟನೆಗೆ ಬಂದವರು ಮೊದಲು ಕ್ಲೀನ್ ಮಾಡಿಸಿ ಎನ್ನುವುದೂ ಅದನ್ನೇ.

ಕ್ರಮ ಹೀಗಿರಲಿ. ಮೊದಲು ಗ್ರಾಮನಕ್ಷೆ ಹಿಡಿದು ಸರ್ವೆ, ಗಡಿಕಲ್ಲು. ಕೆರೆ ಯಾರ ವಶದಲ್ಲಿದೆ ಎಂಬುದು ಅದರ ಜೊತೆಗೇ: 40 ಹೆಕ್ಟೇರಿನವರೆಗೆ ಅಚ್ಚುಕಟ್ಟಿದ್ದರೆ ಪಂಚಾಯತ್ ರಾಜ್, ಅದಕ್ಕೂ ಮೇಲೆ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ, ನಗರದೊಳಗಾದರೆ ಪಾಲಿಕೆ. ಎರಡನೆಯದು ಕಾಲುವೆ, ಮೇಲಿನ ಕೆರೆಯ ಕೋಡಿಯಿಂದ ಈ ಕೆರೆಯವರೆಗೆ ಕಾಲಿನಲ್ಲಿ ನಡೆದು ನೋಡಬೇಕು, ನಡುವೆ ಎಲ್ಲಿ ಬಡಾವಣೆ ಎದ್ದಿದೆ, ಎಲ್ಲಿ ಚರಂಡಿ ಸೇರಿದೆ ಎಂದು. ಮೂರನೆಯದು ತೂಬು, ಕೋಡಿ, ಏರಿಯ ಮೇಲೆ ಬೇರುಬಿಟ್ಟ ಜಾಲಿ. ಹೂಳು ಇವೆಲ್ಲ ಆದಮೇಲೆ. ಒಂದು ಎಕರೆಯಲ್ಲಿ ಒಂದಡಿ ಹೂಳು ತೆಗೆದರೆ 1,233 ಘನ ಮೀಟರು, ಹತ್ತು ಘನ ಮೀಟರಿನ ಟಿಪ್ಪರಿಗೆ 120 ಲೋಡಿಗೂ ಹೆಚ್ಚು. ಅಷ್ಟು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಸಿಗುವ ಮೊದಲು ಟೆಂಡರು ಬೇಡ. ಹಳ್ಳಿಯ ಕೆರೆಯ ಗೋಡನ್ನು ರೈತರೇ ಹೊತ್ತೊಯ್ಯುತ್ತಾರೆ. ಕಾರ್ಖಾನೆ ನೀರು ಬಿದ್ದ ಕೆರೆಯದಾದರೆ ಭಾರಲೋಹದ ಪರೀಕ್ಷೆ ಆಗದೆ ಒಂದು ಬುಟ್ಟಿಯೂ ಹೊಲಕ್ಕೆ ಹೋಗಕೂಡದು. ಕೊನೆಯದಾಗಿ, ನೀರಗಂಟಿಯ ಸಂಬಳ. ಕಾಲುವೆಯ ಬಾಯಲ್ಲಿ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಬಾಚಲು, ತೂಬು ತಿರುಗಿಸಲು, ರಾತ್ರಿ ಕಟ್ಟಡದ ಅವಶೇಷ ಸುರಿಯಲು ಬರುವ ಲಾರಿ ತಡೆಯಲು ವರ್ಷಪೂರ್ತಿ ಒಬ್ಬರು ಬೇಕು. ಮಂಟಪದ ಹಣ ಇದಕ್ಕೆ ಧಾರಾಳವಾಗಿ ಸಾಕು.

ಗಿಡ ನೆಡುವವರಿಗೆ ಬರೀ ನೀರಿನ ಲೆಕ್ಕ ಕೊಡುತ್ತೇವೆ. ಸಾವಿರ ಗಿಡ, ಗಿಡಕ್ಕೆ ಹತ್ತು ಲೀಟರು ಎಂದರೆ ಒಂದು ಸುತ್ತಿಗೆ 5,000 ಲೀಟರಿನ ಎರಡು ಟ್ಯಾಂಕರು. ಡಿಸೆಂಬರಿನಿಂದ ಮೇವರೆಗೆ ಹತ್ತು ದಿನಕ್ಕೊಮ್ಮೆ ಹಾಕಿದರೆ 18 ಸುತ್ತು, 36 ಟ್ಯಾಂಕರು. ಎರಡು ಬೇಸಿಗೆಗೆ 72. ಈ ಸಾಲು ಇಲ್ಲದ ಪ್ರಸ್ತಾವ ಬಂದರೆ ಹಿಂದಕ್ಕೆ ಕಳಿಸಿ. ಬಯಲು ಕಂಡಲ್ಲೆಲ್ಲ ನೆಡಬೇಡಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹುಲ್ಲುಗಾವಲಿನ ಮೇಲೆ ನೀಲಗಿರಿ ನೆಟ್ಟು ಏನಾಯಿತು ಎಂಬುದು ಎದುರಿಗೇ ಇದೆ. ಹುಲ್ಲು ಖಾಲಿ ಜಾಗವಲ್ಲ, ಕೃಷ್ಣಮೃಗಕ್ಕೂ ತೋಳಕ್ಕೂ ಅದೇ ಮನೆ.

ಕಾಡಿನೊಳಗೆ ನಿಜವಾಗಿ ಹಣ ಬೇಕಾದ ಕೆಲಸ ಲಂಟಾನ ಎಂಬ ಕಳೆಪೊದೆ ತೆಗೆಯುವುದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಹುಲ್ಲನ್ನು ನುಂಗಿರುವುದು ಅದೇ. ಜೆಸಿಬಿ ಹಾಕಿದರೆ ಮಣ್ಣು ಕದಡಿ ಬೀಜ ಮೇಲೆ ಬಂದು ಎರಡರಷ್ಟು ಹುಟ್ಟುತ್ತದೆ. ಬರೀ ಸವರಿದರೆ ಬುಡದಿಂದ ಚಿಗುರುತ್ತದೆ. ತಾಯಿಬೇರನ್ನು ಮಣ್ಣಿನ ಮಟ್ಟದಿಂದ ನಾಲ್ಕಾರು ಸೆಂಟಿಮೀಟರು ಕೆಳಗೆ ಕಡಿದು, ಮೆಳೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು, ಅದೂ ಕಾಯಿ ಕಟ್ಟುವ ಮೊದಲು. ಆಮೇಲೆ ಎರಡು-ಮೂರು ಮಳೆಗಾಲ ಅದೇ ಜಾಗಕ್ಕೆ ವಾಪಸ್ ಹೋಗಿ ಸಸಿ ಕೀಳಬೇಕು, ಹಕ್ಕಿಗಳು ಬೀಜ ತರುವುದನ್ನು ನಿಲ್ಲಿಸುವುದಿಲ್ಲ. ಖರ್ಚಿನ ಬಹುಪಾಲು ಸೋಲಿಗರಂಥ ಸ್ಥಳೀಯರ ಕೂಲಿ. ನೂರು ಎಕರೆ ಒಂದು ವರ್ಷ ಮಾಡುವುದಕ್ಕಿಂತ ಇಪ್ಪತ್ತೈದು ಎಕರೆ ನಾಲ್ಕು ವರ್ಷ ಮಾಡಿ. ಚಾಲ್ತಿ ಯೋಜನೆಯ ಅವಧಿಗೂ ಇದು ಹೇಳಿ ಮಾಡಿಸಿದ ಹಾಗಿದೆ.

ಕೂಲಿ, ಸಂಬಳ ಎಂದ ಕೂಡಲೇ ನಿಮ್ಮ ಲೆಕ್ಕಪತ್ರ ವಿಭಾಗದಿಂದ ಶೇ 5ರ ಮಾತು ಬರುತ್ತದೆ. ದಯವಿಟ್ಟು ನಿಯಮವನ್ನು ಇನ್ನೊಮ್ಮೆ ಓದಿಸಿ. ಆ ಶೇ 5ರ ಮಿತಿ ಇರುವುದು ಕಂಪನಿಯೊಳಗೆ ಸಿಎಸ್‌ಆರ್ ವಿಭಾಗವನ್ನು ನಡೆಸುವ ಸಾಮಾನ್ಯ ಆಡಳಿತ ಖರ್ಚಿಗೆ. ಒಂದು ಯೋಜನೆಯ ವಿನ್ಯಾಸ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ವ್ಯಾಖ್ಯೆಯಲ್ಲೇ ಇದೆ. ನೀರಗಂಟಿ, ದಾದಿ, ಗ್ರಂಥಾಲಯ ನೋಡಿಕೊಳ್ಳುವವರು, ಸೈಟ್ ಎಂಜಿನಿಯರ್, ಇವರೆಲ್ಲ ಯೋಜನೆಯೇ. ಸಂಸ್ಥೆಯೊಂದು ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳನ್ನು ನವೀಕರಿಸಬೇಕು, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇಟ್ಟುಕೊಳ್ಳಬೇಕು, ಮೇ 31ರೊಳಗೆ ದಾನಿಗಳ ಪಟ್ಟಿಯನ್ನು ತೆರಿಗೆ ಇಲಾಖೆಗೆ ಕೊಡಬೇಕು, ತೆರಿಗೆ ಕಡಿತದ ಲೆಕ್ಕ, ಆಡಿಟ್, ಅದರ ಮೇಲೆ ಹತ್ತು ದಾನಿಗಳ ಹತ್ತು ನಮೂನೆಯ ವರದಿ. ಇದಕ್ಕೆ ಒಬ್ಬ ಒಳ್ಳೆಯ ಲೆಕ್ಕಿಗ ಬೇಕು. ಆ ಸಂಬಳಕ್ಕೆ ಸೊನ್ನೆ ಇಡುತ್ತೀರಿ. ಸಂಸ್ಥೆ ಅದನ್ನು ತರಬೇತಿ ಎಂಬ ಬಾಬ್ತಿನೊಳಗೆ ತುರುಕುತ್ತದೆ. ನಿಮಗೂ ಗೊತ್ತು, ಅವರಿಗೂ ಗೊತ್ತು. ಸುಳ್ಳು ಬರೆಯಲು ಕಲಿತ ಸಂಸ್ಥೆಗೆ ಹಣ, ನಿಜ ಬರೆದದ್ದಕ್ಕೆ ತಿರಸ್ಕಾರ. ಕೆಲಸಕ್ಕೆ ತಕ್ಕಷ್ಟು ಕಚೇರಿ ಖರ್ಚನ್ನು ತೆರೆದ ಸಾಲಾಗಿ ಕೇಳಿ, ಬಿಲ್ಲು ನೋಡಿ, ಕೊಡಿ.

ಹೊರದೇಶದಲ್ಲಿರುವ ಕನ್ನಡಿಗರು ಊರಿನ ಶಾಲೆಗೆ ಹಣ ಕಳಿಸುವಾಗ ಇನ್ನೊಂದು ತೊಡಕಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಾಗಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಪಡೆದವರು, ಅಲ್ಲಿ ನೋಂದಾಯಿಸಿದ ಸಂಘಗಳು ಕೊಟ್ಟದ್ದು ವಿದೇಶಿ ದೇಣಿಗೆ. ಅದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೆ, ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿನ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಒಬ್ಬರ ಖಾತೆಗೆ ಬಂದು ಇನ್ನೊಬ್ಬರು ಕೆಲಸ ಮಾಡುವ ಏರ್ಪಾಡು ಸದುದ್ದೇಶದ್ದೇ ಆದರೂ ಊರಿನ ಟ್ರಸ್ಟನ್ನು ತೊಂದರೆಗೆ ಸಿಕ್ಕಿಸುತ್ತದೆ.

ಇಲಾಖೆಗಳಿಗೆ ನಮ್ಮ ಕೋರಿಕೆ ಎರಡೇ. ಸಿಎಸ್‌ಆರ್ ಹಣದ ಆಸ್ತಿ ಯಾರ ಹೆಸರಿನಲ್ಲಿರಬೇಕು ಎಂದು ನಿಯಮ ಹೇಳುತ್ತದೆ, ಸರ್ಕಾರಿ ಪ್ರಾಧಿಕಾರವೂ ಅದರಲ್ಲಿ ಒಂದು. ಆದ್ದರಿಂದ ಹಸ್ತಾಂತರ ಪತ್ರದಲ್ಲಿ ಕೀಲಿ ಪಡೆದವರ ಹುದ್ದೆ, ದಾಸ್ತಾನು ಪುಸ್ತಕದ ಪುಟಸಂಖ್ಯೆ, ವಾರಂಟಿ ಮುಗಿಯುವ ದಿನ, ದುರಸ್ತಿಗೆ ಹಣ ಬರುವ ಲೆಕ್ಕಶೀರ್ಷಿಕೆ ಇಷ್ಟನ್ನೂ ಬರೆಯಿರಿ. ಬೇಡದ ಕೊಡುಗೆ ಬಂದಾಗ ಬೇಡ ಎಂದು ಬರೆದು ಕಳಿಸಿ, ಖಾಲಿ ಹುದ್ದೆಯ ಆಸ್ಪತ್ರೆಗೆ ಯಂತ್ರ ಪಡೆಯುವುದು ಇಲಾಖೆಗೆ ಉಪಕಾರವಲ್ಲ.

ಸಮಿತಿಗಳಿಗೆ ಕೊನೆಯದಾಗಿ ಕ್ಯಾಲೆಂಡರಿನ ಮಾತು. ಕೆರೆಯ ಕೆಲಸ ಫೆಬ್ರುವರಿಯಿಂದ ಮೇ ಒಳಗೇ ಆಗಬೇಕು, ಅದರ ಸರ್ವೆ, ಅನುಮತಿಗೆ ಹಿಂದಿನ ಐದಾರು ತಿಂಗಳು. ಜೂನಿನಲ್ಲಿ ನೆಡುವ ಗಿಡವನ್ನು ನರ್ಸರಿಗೆ ಹಿಂದಿನ ವರ್ಷವೇ ಹೇಳಿರಬೇಕು. ಶಾಲೆಯ ಕಟ್ಟಡದ ಕೆಲಸಕ್ಕೆ ಸಿಗುವುದು ಏಪ್ರಿಲ್, ಮೇ ರಜೆ. ಮೂರಕ್ಕೂ ಹಿಂದಕ್ಕೆ ಎಣಿಸಿದರೆ ಮಂಡಳಿಯ ಒಪ್ಪಿಗೆ ಸೆಪ್ಟೆಂಬರಿನಲ್ಲಿ ಬೀಳಬೇಕು. ಸೆಪ್ಟೆಂಬರಿನ ಕಾರ್ಯಸೂಚಿಗೆ ಈ ವರ್ಷ ಒಂದು ವಿಷಯ ಸೇರಿಸಿ: ಕಳೆದ ಐದು ವರ್ಷದಲ್ಲಿ ನಾವು ಕೊಟ್ಟದ್ದರ ಪಟ್ಟಿ, ಅದರಲ್ಲಿ ಈಗ ನಡೆಯುತ್ತಿರುವುದು ಎಷ್ಟು, ನಿಂತದ್ದನ್ನು ಮತ್ತೆ ನಡೆಸಲು ಬೇಕಾದದ್ದು ಏನು. ಹೊಸದಕ್ಕೆ ಹಣ ಇಡುವ ಮೊದಲು ಆ ಪಟ್ಟಿಯ ಮೆಂಬ್ರೇನು, ಚಿಲಕ, ಫ್ಲೋಟ್ ವಾಲ್ವುಗಳಿಗೆ ಹಣ ಇಡಿ.

ಇಂತಿ,
ಶಾಲೆ, ಆಸ್ಪತ್ರೆ, ಕೆರೆಗಳಲ್ಲಿ ನಿಮ್ಮ ಹಣದ ಕೆಲಸ ಮಾಡಿಸುವ, ಅದರ ಲೆಕ್ಕ ಬರೆಯುವ ಕೆಲವರು